ನಾಲ್ಕಡಿ ಬಾಲ್ಕನಿಯಲ್ಲಿ ಮರಗೆಲಸ

ಮಾನ್ಯ ಕೇಳುಗರೆ, ನಮಸ್ಕಾರ.

ಮರಗೆಲಸ ಕಲಿಯಬೇಕೆಂಬ ಆಸೆಯುಳ್ಳವರು ನಮ್ಮ ನಗರಗಳಲ್ಲಿ ಕಡಮೆಯೇನಿಲ್ಲ. ಆದರೆ ಬಟ್ಟೆ ಒಣಹಾಕುವ ಬಾಲ್ಕನಿಯನ್ನೂ ಪಾತ್ರೆ ತೊಳೆಯುವ ಯುಟಿಲಿಟಿಯನ್ನೂ ಬಿಟ್ಟರೆ ಬೇರೆ ಜಾಗವೇ ಇಲ್ಲದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದಕ್ಕೆ ಅವಕಾಶವಾದರೂ ಎಲ್ಲಿ ಎಂದುಕೊಂಡು, ಆಸೆಯನ್ನು ಅಲ್ಲಿಗೇ ಕೈಬಿಡುವವರು ಬಹಳ ಮಂದಿ. ಅಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಮಾತುಗಳನ್ನು ಆಡುತ್ತಿದ್ದೇನೆ. 4 ಅಡಿ ಅಗಲ, 8 ಅಡಿ ಉದ್ದದ ಒಂದು ಬಾಲ್ಕನಿ ಇದ್ದರೆ ಸ್ಟೂಲು, ಪುಸ್ತಕದ ಕಪಾಟು, ದೇವರ ಮಂಟಪ, ಮಕ್ಕಳು ಓದಿಕೊಳ್ಳುವ ಮೇಜು, ಇಷ್ಟನ್ನೂ ಅಲ್ಲಿಯೇ ನಿಂತು ಮಾಡಬಹುದೆಂದು ನಾನು ದೃಢವಾಗಿ ನಂಬಿದ್ದೇನೆ.

ಜಾಗ ಸಾಲದೆಂಬ ಅಳುಕು ಹುಟ್ಟುವುದು ಬಹುಮಟ್ಟಿಗೆ ಅಮೆರಿಕದ ವಿಡಿಯೊಗಳನ್ನು ನೋಡಿ. ಕಾರು ನಿಲ್ಲಿಸುವ ಗ್ಯಾರೇಜಿನ ನಟ್ಟನಡುವೆ ಒಂದು ಟೇಬಲ್ ಸಾ, ಅಂದರೆ ಮೇಜಿಗೆ ಜೋಡಿಸಿದ ಗರಗಸದ ಯಂತ್ರ, ಅದರ ಸುತ್ತ ಇನ್ನಷ್ಟು ಯಂತ್ರಗಳು ಕಾಣಿಸುತ್ತವೆ. ಆ ಗರಗಸ ಕೂರುವುದಕ್ಕೆ ಮೂರಡಿ ಚೌಕದಷ್ಟು ಜಾಗ ಸಾಕು. ಆದರೆ 8 ಅಡಿ ಉದ್ದದ ಪ್ಲೈವುಡ್ ಹಾಳೆಯನ್ನು ಅದರ ಮೇಲೆ ಉದ್ದಕ್ಕೆ ಸೀಳಬೇಕಾದರೆ ಅಲಗಿನ ಹಿಂದೆ 8 ಅಡಿ, ಮುಂದೆ 8 ಅಡಿ ಖಾಲಿ ಇರಬೇಕು, ಜೊತೆಗೆ ಹಾಳೆಯನ್ನು ತಳ್ಳುವ ಮನುಷ್ಯನಿಗೂ ಸ್ಥಳ ಬೇಕು. ಯಂತ್ರ ನಿಂತಲ್ಲೇ ಇದ್ದು ಮರ ಓಡಾಡುವ ಈ ಪದ್ಧತಿ ಚಿಕ್ಕ ಮನೆಗೆ ಹೇಳಿಮಾಡಿಸಿದ್ದಲ್ಲ. ನಮ್ಮಲ್ಲಿ ಮರ ಅಲುಗದೆ ನಿಲ್ಲಬೇಕು, ಹತ್ಯಾರು ಅದರ ಮೇಲೆ ಓಡಾಡಬೇಕು. ಕೈಗರಗಸ, ಮರವನ್ನು ಹೆರೆದು ನುಣುಪು ಮಾಡುವ ಹತ್ತರಿ, ಉಳಿ, ತೂತು ಕೊರೆಯುವ ಬೈರಿಗೆ ಎಲ್ಲವೂ ಹೀಗೆ ಕೆಲಸ ಮಾಡುವಂಥವೇ. ಆದ್ದರಿಂದ ಚಿಕ್ಕ ಜಾಗದ ಮರಗೆಲಸದಲ್ಲಿ ನಾವು ಬಿಡಿಸಬೇಕಾದ ಮುಖ್ಯ ಪ್ರಶ್ನೆ, ಮರವನ್ನು ಅಲುಗದಂತೆ ಹಿಡಿದು ನಿಲ್ಲಿಸುವುದು ಹೇಗೆ ಎಂಬುದು.

ಈ ಪ್ರಶ್ನೆಗೆ ನಮ್ಮ ಹಳ್ಳಿಯ ಬಡಗಿಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಆಚಾರ್ರು ಮನೆಗೆ ಬರುವಾಗ ಹತ್ಯಾರುಗಳ ಒಂದು ಚೀಲವಷ್ಟೇ ಅವರ ಹೆಗಲ ಮೇಲಿರುತ್ತಿತ್ತು. ಜಗಲಿಯ ಮೂಲೆಯಲ್ಲಿ ಕುಳಿತು, ತುಂಡನ್ನು ಪಾದಗಳ ನಡುವೆ ಒತ್ತಿ ಹಿಡಿದು, ಬಾಗಿಲು, ಕಿಟಕಿ, ತೊಟ್ಟಿಲುಗಳನ್ನೆಲ್ಲ ಅಲ್ಲಿಯೇ ಮಾಡಿ ಮುಗಿಸುತ್ತಿದ್ದರು. ಸಾಗರ, ಸೊರಬದ ಕಡೆಯ ಗುಡಿಗಾರರು ಶ್ರೀಗಂಧದ ಕೆತ್ತನೆಯನ್ನು ಇಂದಿಗೂ ನೆಲದ ಮೇಲೆ ಕುಳಿತೇ ಮಾಡುತ್ತಾರೆ. ಜಪಾನಿನ ಸಾಂಪ್ರದಾಯಿಕ ಬಡಗಿಗಳ ರೀತಿಯೂ ಇದಕ್ಕೆ ಹತ್ತಿರದ್ದು. ಅವರ ಗರಗಸ ತನ್ನ ಕಡೆಗೆ ಎಳೆದುಕೊಳ್ಳುವಾಗ ಕೊಯ್ಯುತ್ತದೆ; ಎಳೆತದಲ್ಲಿ ಅಲಗು ಬಾಗುವುದಿಲ್ಲವಾದ್ದರಿಂದ ಅದನ್ನು ಬಹಳ ತೆಳ್ಳಗೆ ಮಾಡಬಹುದು, ತೆಳ್ಳಗಿರುವುದರಿಂದ ಬಲವೂ ಕಡಮೆ ಸಾಕು, ಹೊಟ್ಟೂ ಕಡಮೆ ಬೀಳುತ್ತದೆ. ಈಗ ಇಂಥ ಗರಗಸಗಳು ನಮ್ಮಲ್ಲಿಯೂ ಸಿಗುತ್ತಿವೆ. ಬಾಲ್ಕನಿಗೆ ಒಂದೇ ಗರಗಸ ಕೊಳ್ಳುವುದಾದರೆ ನಾನು ಇದನ್ನೇ ಸೂಚಿಸುತ್ತೇನೆ.

ಮಂಡಿ ಸಹಕರಿಸುವವರು ನೆಲದ ಮೇಲೆ, ಒಂದು ದಪ್ಪ ಹಲಗೆಯನ್ನಿಟ್ಟುಕೊಂಡು ಕೆಲಸ ಆರಂಭಿಸಬಹುದು. ನಿಂತು ಮಾಡಬಯಸುವವರಿಗೆ ಗಟ್ಟಿಯಾದ ಒಂದು ಕೆಲಸದ ಮೇಜು ಬೇಕು, ಅದಕ್ಕಾಗಿ ಖರ್ಚು ಮಾಡಲು ಹಿಂಜರಿಯಬಾರದು. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಮೇಜನ್ನು ಉದ್ದನೆಯ ಗೋಡೆಗೆ ಆನಿಸಿ ಇಟ್ಟರೆ, ನಿಲ್ಲಲು ಎರಡೂವರೆ ಅಡಿ ಉಳಿಯುತ್ತದೆ. ಕೈಗಳನ್ನು ಸಡಿಲವಾಗಿ ಇಳಿಬಿಟ್ಟು ನಿಂತಾಗ ಮುಷ್ಟಿಯ ಗೆಣ್ಣುಗಳು ಎಲ್ಲಿಗೆ ಬರುತ್ತವೆಯೋ ಅಷ್ಟು ಎತ್ತರದಲ್ಲಿ ಹತ್ತರಿ ಹೊಡೆಯುವುದು ಸಲೀಸು. ಮೈಭಾರವೆಲ್ಲ ಮರದ ಮೇಲೆ ಬೀಳುತ್ತದೆ, ಬೆನ್ನು ನೋಯುವುದಿಲ್ಲ.

ಹತ್ತರಿ ಹೊಡೆಯುವಾಗ ಮರದೊಂದಿಗೆ ಮೇಜನ್ನೂ ನಾವು ತಳ್ಳುತ್ತಿರುತ್ತೇವೆ. ಹಗುರವಾದ ಮೇಜು ನೆಲದ ಟೈಲ್ಸ್ ಮೇಲೆ ಜಾರುತ್ತದೆ, ಇಲ್ಲವೇ ಕಾಲುಗಳು ಓಲಾಡುತ್ತವೆ. ಸ್ವಂತ ಮನೆಯಾದರೆ ಮೇಜಿನ ಹಿಂಬದಿಯನ್ನು ಗೋಡೆಗೆ ಬೋಲ್ಟ್ ಮಾಡುವುದು ಒಳ್ಳೆಯದು. ಇತ್ತೀಚಿನ ಕಟ್ಟಡಗಳ ಹಾಲೋ ಬ್ಲಾಕ್ ಗೋಡೆಯ ಒಳಗೆ ಟೊಳ್ಳಿರುವುದರಿಂದ ಸಾಮಾನ್ಯ ಬೋಲ್ಟು ಅಲ್ಲಿ ಕಚ್ಚಿಕೊಳ್ಳದೆ, ಕೆಲವೇ ದಿನಗಳಲ್ಲಿ ಸಡಿಲವಾಗುತ್ತದೆ. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರೆ, ಸದ್ದು ಟೊಳ್ಳಾಗಿ ಕೇಳಿಸದ ಕಡೆ ಕಾಂಕ್ರೀಟು ಇರುವುದು ಗೊತ್ತಾಗುತ್ತದೆ; ಬೋಲ್ಟನ್ನು ಅಲ್ಲಿಗೆ ಹಾಕಬೇಕು. ಬಾಡಿಗೆ ಮನೆಯವರು ಗೋಡೆ ಕೊರೆಯುವ ಗೋಜಿಗೆ ಹೋಗದೆ, ಮೇಜಿನ ಕಾಲುಗಳ ನಡುವೆ ತಗ್ಗಾದ ಒಂದು ಹಲಗೆ ಹಾಕಿ ಅದರ ಮೇಲೆ ಮರದ ದಾಸ್ತಾನನ್ನೂ ಹತ್ಯಾರಿನ ಪೆಟ್ಟಿಗೆಯನ್ನೂ ಇಟ್ಟರಾಯಿತು. ದಾಸ್ತಾನಿಗೂ ಜಾಗವಾಯಿತು, ಮೇಜಿಗೂ ತೂಕ ಬಂತು.

ಮೇಜಿಗೆ ವೈಸ್, ಅಂದರೆ ಮರವನ್ನು ಕಚ್ಚಿ ಹಿಡಿಯುವ ದುಬಾರಿ ಸಾಧನ, ಕೊಳ್ಳುವ ಮೊದಲು ಒಂದು ಚಿಕ್ಕ ಸಾಧನವನ್ನು ನೀವೇ ಮಾಡಿಕೊಳ್ಳಬೇಕೆಂದು ನನ್ನ ಕೋರಿಕೆ. 10 ಅಂಗುಲ ಉದ್ದ, 7 ಅಂಗುಲ ಅಗಲದ ಒಂದು ಹಲಗೆಯನ್ನು ತೆಗೆದುಕೊಳ್ಳಿ. ಅದರ ಒಂದು ತುದಿಯಲ್ಲಿ ಮೇಲ್ಭಾಗಕ್ಕೆ ಒಂದು ಪಟ್ಟಿಯನ್ನೂ, ಇನ್ನೊಂದು ತುದಿಯಲ್ಲಿ ಕೆಳಭಾಗಕ್ಕೆ ಇನ್ನೊಂದು ಪಟ್ಟಿಯನ್ನೂ ಮೂಲೆ ನೇರವಾಗಿದೆಯೇ ಎಂದು ತೋರಿಸುವ ಮೂಲೆಮಟ್ಟ ಇಟ್ಟು ನೋಡಿ, ಅಂಟು ಮತ್ತು ಸ್ಕ್ರೂಗಳಿಂದ ಕೂರಿಸಿ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಕೊಕ್ಕೆಯಂತೆ ಆತುಕೊಳ್ಳುತ್ತದೆ. ಕೊಯ್ಯಬೇಕಾದ ತುಂಡನ್ನು ಮೇಲಿನ ಪಟ್ಟಿಗೆ ಎಡಗೈಯಿಂದ ಒತ್ತಿ ಹಿಡಿದು ತಳ್ಳುಗರಗಸದಿಂದ ಕೊಯ್ಯಬಹುದು. ತಳ್ಳಿದಷ್ಟೂ ತುಂಡು ಪಟ್ಟಿಗೆ ಇನ್ನಷ್ಟು ಬಿಗಿಯಾಗುತ್ತದೆ. ಎಳೆಗರಗಸ ಬಳಸುವವರು ಮೇಲಿನ ಪಟ್ಟಿಯನ್ನು ತಮ್ಮ ಕಡೆಯ ತುದಿಗೇ ಹಾಕಿಕೊಂಡರೆ ಸರಿಹೋಗುತ್ತದೆ. ಕೆಲಸ ಮುಗಿದ ಮೇಲೆ ಇದನ್ನು ಒಂದು ಮೊಳೆಗೆ ತೂಗುಹಾಕಿಬಿಡಬಹುದು.

ಇನ್ನು ಗೋಡೆ. ಚಿಕ್ಕ ಮನೆಯಲ್ಲಿ ನೆಲ ಮುಗಿದುಹೋದರೂ ಗೋಡೆ ಉಳಿದಿರುತ್ತದೆ. ಒಂದು ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಒಂದು ಭಾಗವನ್ನು ಓರೆ ಮೇಲಕ್ಕೆ ಬಂದು ಗೋಡೆಯ ಕಡೆಗೆ ಇಳಿಯುವಂತೆ ಗೋಡೆಗೆ ಬಿಗಿದು, ಇನ್ನೊಂದನ್ನು ತಲೆಕೆಳಗಾಗಿ, ಓರೆ ಕೆಳಕ್ಕೆ ಬರುವಂತೆ, ಹತ್ಯಾರು ಇಡುವ ಚಿಕ್ಕ ಗೂಡಿನ ಬೆನ್ನಿಗೆ ಬಿಗಿದರೆ, ಎರಡೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಭಾರ ಹೆಚ್ಚಿದಷ್ಟೂ ಗೂಡು ಗೋಡೆಯತ್ತ ಒತ್ತಿಕೊಳ್ಳುತ್ತದೆ, ಎತ್ತಿದರೆ ಸುಲಭವಾಗಿ ಕೈಗೆ ಬರುತ್ತದೆ. ಬೇಕೆಂದಾಗ ಬೇಕಾದೆಡೆಗೆ ಸರಿಸಬಹುದಾದ್ದರಿಂದ, ಮೊದಲ ದಿನವೇ ಎಲ್ಲಕ್ಕೂ ಜಾಗ ನಿಗದಿ ಮಾಡುವ ತೊಂದರೆಯಿಲ್ಲ. ಗರಗಸ, ಒಂದು ಹತ್ತರಿ, 6, 12 ಮತ್ತು 25 ಮಿಲಿಮೀಟರಿನ ಮೂರು ಉಳಿ, ಉಳಿಗೆ ಹೊಡೆಯುವ ಕೊಡತಿ, ಮೂಲೆಮಟ್ಟ, ಸಾಣೆಕಲ್ಲು, ತುಂಡುಗಳನ್ನು ಬಿಗಿದು ಹಿಡಿಯುವ ನಾಲ್ಕು ಕ್ಲಾಂಪು ಮತ್ತು ಬ್ಯಾಟರಿ ಡ್ರಿಲ್ಲು, ಇಷ್ಟರಿಂದ ಬಹಳ ಕಾಲ ಕೆಲಸ ನಡೆಯುತ್ತದೆ. ಉಳಿಗಳ ಸಂಖ್ಯೆಗಿಂತ ಅವುಗಳ ಮೊನೆ ಮುಖ್ಯ. ಮೊಂಡಾದ ಉಳಿಗೆ ಹೆಚ್ಚು ಬಲ ಹಾಕಬೇಕು. ಇಕ್ಕಟ್ಟಿನಲ್ಲಿ ಅದು ಜಾರಿದರೆ ಕೈ ಹಿಂದೆ ಸರಿಯಲು ಎಡೆಯಿರುವುದಿಲ್ಲ.

ಮರ ತರುವ ವಿಚಾರಕ್ಕೆ ಬರೋಣ. 8 ಅಡಿಗೆ 4 ಅಡಿಯ ಪ್ಲೈವುಡ್ ಹಾಳೆ ಲಿಫ್ಟಿನಲ್ಲಿಯೇ ಹಿಡಿಸಲಾರದು. ಬೇಕಾದ ತುಂಡುಗಳ ಅಳತೆಯನ್ನು ಮನೆಯಲ್ಲಿಯೇ ಬರೆದುಕೊಂಡು ಹೋಗಿ, ಅಂಗಡಿಯಲ್ಲಿಯೇ ಕೊಯ್ಯಿಸಿ ತರುವುದು ಜಾಣತನ. ಹಲವು ದೊಡ್ಡ ಅಂಗಡಿಗಳು ಈ ಅನುಕೂಲ ಮಾಡಿಕೊಡುತ್ತವೆ. ಗಟ್ಟಿ ಮರ ಬೇಕೆನ್ನುವವರು ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ತೇಗ, ಹೊನ್ನೆಯ ಬಾಗಿಲು ಚೌಕಟ್ಟುಗಳನ್ನು ಹುಡುಕಬಹುದು. ಅವು ದಶಕಗಳಿಂದ ಒಣಗಿರುತ್ತವೆ. ಆದರೆ ಗರಗಸ ಇಡುವ ಮುನ್ನ ಮರದುದ್ದಕ್ಕೂ ಒಂದು ಅಯಸ್ಕಾಂತವನ್ನು ಓಡಿಸಿ, ಒಳಗೆ ಮೊಳೆ ಅಡಗಿದೆಯೇ ಎಂದು ನೋಡಲೇಬೇಕು. ಕಲಿಯುವವರ ಕೈಗೆ ಸಿಲ್ವರ್ ಓಕ್ ಚೆನ್ನ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಈ ಮರ ತೇಗಕ್ಕಿಂತ ಬಹಳ ಅಗ್ಗ, ಹತ್ತರಿಗೂ ಸುಲಭವಾಗಿ ಒಗ್ಗುತ್ತದೆ.

ಬಾಲ್ಕನಿಗೆ ಮಳೆಯ ಎರಚಲು ಬರುತ್ತದೆಂಬುದನ್ನು ಮರೆಯುವಂತಿಲ್ಲ. ಮರ ತೇವ ಹೀರಿದಾಗ ಉದ್ದದಲ್ಲಿ ಹಿಗ್ಗುವುದು ನಗಣ್ಯ, ಅಗಲದಲ್ಲಿ ಮಾತ್ರ ಗಣನೀಯವಾಗಿ ಹಿಗ್ಗುತ್ತದೆ. ಆಷಾಢದಲ್ಲಿ ಬಿಗಿಯಾಗುವ ಬಾಗಿಲು ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚಿಕೊಳ್ಳುವುದು ಇದರಿಂದಲೇ. ಹಾಗಾಗಿ ಹಲಗೆಗಳನ್ನು ಹೊರಗಿಡದೆ ಮಂಚದ ಕೆಳಗೋ ಅಟ್ಟದ ಮೇಲೋ ಇಟ್ಟು, ಕೆಲಸಕ್ಕೆ ಬೇಕಾದಷ್ಟನ್ನೇ ತರಬೇಕು. ಕರಾವಳಿಯವರಿಗೆ ತುಕ್ಕಿನ ಕಾಟ ಬೇರೆ. ಪ್ರತಿ ಸಲವೂ ಕೆಲಸ ಮುಗಿದ ಮೇಲೆ ಅಲಗುಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ ಇಡಬೇಕು.

ಯಂತ್ರಗಳನ್ನು ಪೂರ್ತಿ ದೂರವಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಮನೆಯ ಚಿಕ್ಕ ಪ್ಲಗ್ಗು 6 ಆಂಪಿಯರಿನದು, ಅಂದರೆ 230 ವೋಲ್ಟಿನಲ್ಲಿ ಸುಮಾರು 1380 ವ್ಯಾಟಿನ ಮಿತಿ. ದೊಡ್ಡ ಗರಗಸಕ್ಕೆ 16 ಆಂಪಿಯರಿನ ಪ್ಲಗ್ಗೇ ಬೇಕು. ವಾಸದ ಪ್ರದೇಶಗಳಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ವಿದ್ಯುತ್ ಗರಗಸದ ಸದ್ದು ಇದನ್ನು ಎಷ್ಟೋ ಮೀರುತ್ತದೆ. ನೆರೆಮನೆಯಲ್ಲಿ ಮಲಗಿದ ಕೂಸು, ಪರೀಕ್ಷೆಗೆ ಓದುವ ಮಕ್ಕಳು, ಮುದುಕರು ಇರುತ್ತಾರೆ. ಅವರನ್ನು ಕೇಳಿ ಸಮಯ ಗೊತ್ತುಮಾಡಿಕೊಳ್ಳುವುದು ನಮ್ಮ ಕರ್ತವ್ಯ.

ಸದ್ದಿಗಿಂತ ದೊಡ್ಡ ಅಪಾಯ ಧೂಳಿನದು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲಿಯೇ ಪ್ರಕಟಿಸಿದೆ. ಹತ್ತರಿಯಿಂದ ಬರುವ ಸುರುಳಿಗಳು ನೆಲಕ್ಕೆ ಬೀಳುತ್ತವೆ, ಗುಡಿಸಿದರೆ ಹೋಗುತ್ತವೆ. ಉಪ್ಪುಕಾಗದ ಮತ್ತು ಸ್ಯಾಂಡಿಂಗ್ ಯಂತ್ರದಿಂದ ಏಳುವ ನವಿರಾದ ಪುಡಿ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ತೆರೆದ ಬಾಗಿಲಿನಿಂದ ಮಲಗುವ ಕೋಣೆಗೂ ಬರುತ್ತದೆ. ಎನ್95 ಮುಖಗವಸು ಹಾಕಿಕೊಳ್ಳಬೇಕು, ಒಳಬಾಗಿಲು ಮುಚ್ಚಿರಬೇಕು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಕೊನೆಯದಾಗಿ, ಅಗಸೆ ಎಣ್ಣೆ ಹಚ್ಚಿ ಮರಕ್ಕೆ ಹೊಳಪು ಕೊಡುವವರಿಗೆ ಒಂದು ಮಾತು. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಬಿಸಿ ಹುಟ್ಟಿಸುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಹೊರಹೋಗಲಾರದೆ, ಕಿಡಿಯ ಸೋಂಕಿಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊಟ್ಟು, ಹಲಗೆ, ಒಣಬಟ್ಟೆ ಎಲ್ಲವೂ ನಾಲ್ಕಡಿಯೊಳಗೇ ಇರುವ ಕಡೆ ಇದು ಮನೆಯನ್ನೇ ಸುಡಬಲ್ಲದು. ಬಳಸಿದ ಬಟ್ಟೆಯನ್ನು ಆ ಕೂಡಲೇ ನೀರಿನಲ್ಲಿ ಅದ್ದಿ, ಹೊರಗೆ ಬಯಲಿನಲ್ಲಿ ಒಂಟಿ ಪದರವಾಗಿ ಹರವಿ, ಪೂರ್ತಿ ಒಣಗಿ ಬಿರುಸಾದ ಮೇಲಷ್ಟೇ ಕಸಕ್ಕೆ ಹಾಕಿ.

ನಮಸ್ಕಾರ.