ಮೇಗುತಿ ಗುಡ್ಡದ ಮೇಲೊಂದು ಸಮುದ್ರ

ಬೆಳಗ್ಗೆ ಹತ್ತು ಗಂಟೆಗೇ ಬಿಸಿಲು ಸುಡುತ್ತಿದೆ. ಐಹೊಳೆಯ ಮೇಗುತಿ ಗುಡ್ಡ ಹತ್ತಿ ಬಂದೆ. ಕೆಳಗೆ ಊರು, ಸಾಲು ಸಾಲು ಗುಡಿಗಳು, ಆಚೆ ಮಲಪ್ರಭೆ. ಉಳಿದದ್ದೆಲ್ಲ ಬರೀ ಕಲ್ಲು, ಹೊಲ. ಇಲ್ಲಿಂದ ನೇರ ಗೆರೆ ಎಳೆದರೂ ಸಮುದ್ರ 200 ಕಿಲೋಮೀಟರ್‌ಗಿಂತ ದೂರ.

ಆದರೆ ಇಲ್ಲಿನ ಜೈನ ಬಸದಿಯ ಈ ಗೋಡೆ ನೋಡಿ. ಇದರಲ್ಲಿ ಸಮುದ್ರ ಇದೆ, ಹಡಗುಗಳೂ ಇವೆ.

ಇದು ಕವಿ ರವಿಕೀರ್ತಿಯ ಶಾಸನ. ಕ್ರಿ.ಶ. 634ರದ್ದು. ಭಾಷೆ ಸಂಸ್ಕೃತ, ಲಿಪಿ ಹಳೆಗನ್ನಡ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ವಿಷಯ ಇದರಲ್ಲೇ ಇರೋದು. ಅದನ್ನು ಶಾಲೆಯಲ್ಲಿ ಎರಡು ಮಾರ್ಕಿಗೆ ಬರೆದಿದ್ದೀವಿ, ಅಲ್ವಾ? ನನ್ನ ಕಣ್ಣು ಬಿದ್ದದ್ದು ಬೇರೆ ಸಾಲಿನ ಮೇಲೆ. ಪುಲಕೇಶಿ ನೂರಾರು ಹಡಗು ಕಟ್ಟಿಕೊಂಡು ಹೋಗಿ ಪುರಿ ಎಂಬ ಊರನ್ನು ಮುತ್ತಿದ. ಆ ಊರಿಗೆ ಕವಿ ಕೊಟ್ಟ ಹೆಸರು ಪಡುಗಡಲಿನ ಲಕ್ಷ್ಮಿ. ಯಾಕೆ ಹೋದ ಅನ್ನುವುದಕ್ಕೆ ಉತ್ತರ ಆ ಹೆಸರಲ್ಲೇ ಇದೆ.

ಒಡಿಶಾದ ಪುರಿ ಅಂದುಕೊಳ್ಳಬೇಡಿ. ಇದು ಕೊಂಕಣದ ಮೌರ್ಯರ ರಾಜಧಾನಿ. ಮುಂಬೈ ಪಕ್ಕದ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪವೇ ಅದು ಅನ್ನುವ ವಿದ್ವಾಂಸರಿದ್ದಾರೆ.

ಇದು ಪುಲಕೇಶಿಯೊಬ್ಬನ ಆಸೆಯಲ್ಲ. ಅಪ್ಪ ಕೀರ್ತಿವರ್ಮ ಇದೇ ಮೌರ್ಯರ ಮೇಲೆ ದಂಡೆತ್ತಿ ಹೋಗಿದ್ದ. ಚಿಕ್ಕಪ್ಪ ಮಂಗಳೇಶ ಕರಾವಳಿಯ ರೇವತೀದ್ವೀಪ ಗೆದ್ದಿದ್ದ. ಪಟ್ಟಕ್ಕಾಗಿ ಆ ಚಿಕ್ಕಪ್ಪನ ಜೊತೆಗೇ ಪುಲಕೇಶಿ ಕಾದಾಡಿದ. ಕರಾವಳಿ ವಿಷಯದಲ್ಲಿ ಮಾತ್ರ ಚಿಕ್ಕಪ್ಪನ ದಾರಿಯನ್ನೇ ಹಿಡಿದ!

ಬಯಲುಸೀಮೆ ರಾಜನ ಪಾಡು ಯೋಚನೆ ಮಾಡಿ. ಬೊಕ್ಕಸ ತುಂಬಬೇಕಾದರೆ ಹೊಲ ಬೆಳೆಯಬೇಕು, ಹೊಲ ಬೆಳೆಯಬೇಕಾದರೆ ಮಳೆ ಬರಬೇಕು. ಬಂದರಿನ ಲೆಕ್ಕವೇ ಬೇರೆ. ಹಡಗು ನಿಂತಿತು, ಮಾಲು ಇಳಿಯಿತು, ಸುಂಕ ಬಿತ್ತು. ಇನ್ನೊಂದು ಸಂಕಟ ಇದೆ. ನಮ್ಮ ಸೀಮೆಯ ಬಟ್ಟೆ ಘಟ್ಟ ಇಳಿದೇ ಹಡಗು ಹತ್ತಬೇಕು. ಘಟ್ಟದ ದಾರಿ ನನ್ನದು, ಕೆಳಗಿನ ಬಂದರು ಇನ್ನೊಬ್ಬನದು ಅಂದರೆ, ಲಾಭದ ಗಂಟು ಯಾರ ಮನೆಗೆ ಹೋಗುತ್ತದೆ?

ಇದೇ ಜಗಳ ಪುಲಕೇಶಿಗಿಂತ 500 ವರ್ಷಕ್ಕೂ ಹಿಂದೆ ಇದೇ ಕರಾವಳಿಯಲ್ಲಿ ನಡೆದಿತ್ತು. ಒಂದು ಕಡೆ ಸಾತವಾಹನರು, ಇನ್ನೊಂದು ಕಡೆ ಗುಜರಾತಿನ ಭರೂಚ್ ಬಂದರಿನ ಒಡೆಯ, ಶಕರ ದೊರೆ ನಹಪಾನ. ನಡುವೆ ಸಿಕ್ಕಿಬಿದ್ದದ್ದು ಕಲ್ಯಾಣ. ನಮ್ಮ ಬಸವಕಲ್ಯಾಣ ಅಲ್ಲ, ಮುಂಬೈ ಹತ್ತಿರದ್ದು. ಆ ಕಾಲದ 'ಪೆರಿಪ್ಲಸ್' ಎಂಬ ಗ್ರೀಕ್ ಪುಸ್ತಕದಲ್ಲಿ ಒಂದು ಮಾತಿದೆ. ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲು ಹಾಕಿ ಭರೂಚಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ನಮ್ಮ ಅಂಗಡಿ ಮೆಟ್ಟಿಲು ಹತ್ತಿದ ಗಿರಾಕಿಯನ್ನು ಪಕ್ಕದಂಗಡಿಯವನು ರಟ್ಟೆ ಹಿಡಿದು ಎಳೆದುಕೊಂಡು ಹೋದ ಹಾಗೆ.

ಸಾತವಾಹನರ ರಾಜ ಗೌತಮೀಪುತ್ರ ಶಾತಕರ್ಣಿ ಸುಮ್ನೆ ಬಿಡಲಿಲ್ಲ. ನಹಪಾನನನ್ನು ಸೋಲಿಸಿದ. ಅವನ ಬೆಳ್ಳಿ ನಾಣ್ಯಗಳನ್ನು ಕರಗಿಸುವ ಗೋಜಿಗೂ ಹೋಗದೆ, ಅವುಗಳ ಮೇಲೆಯೇ ತನ್ನ ಮುದ್ರೆ ಒತ್ತಿಸಿದ. 1906ರಲ್ಲಿ ನಾಸಿಕ್ ಹತ್ತಿರ ಜೋಗಲ್‌ಥೆಂಬಿಯಲ್ಲಿ 13,000ಕ್ಕೂ ಜಾಸ್ತಿ ನಾಣ್ಯ ಸಿಕ್ಕವು. ಮೂರರಲ್ಲಿ ಎರಡು ಪಾಲು ಹೀಗೆ ಮುದ್ರೆ ಬಿದ್ದವೇ. ಸರಿಯಾಗಿ ನೋಡಿದರೆ ಕೆಲವುಗಳ ಅಡಿಯಲ್ಲಿ ನಹಪಾನನ ಗುರುತು ಇನ್ನೂ ಕಾಣುತ್ತದೆ.

ಮತ್ತೆ ನಮ್ಮ ಗೋಡೆಗೆ ಬರೋಣ. ಪುರಿಯನ್ನು ಮುತ್ತಿದ ಹಡಗುಗಳು ರವಿಕೀರ್ತಿಗೆ ಮದವೇರಿದ ಆನೆಗಳ ಹಾಗೆ ಕಂಡವು. ಕಡಲ ಯುದ್ಧಕ್ಕೂ ನೆಲದ ಆನೆಯೇ ಬೇಕಾಯಿತು ನೋಡಿ, ನಮ್ಮ ಕಡೆಯ ಕವಿಗೆ! ಆವತ್ತು ದಟ್ಟ ಮೋಡ ಕವಿದು, ಆಕಾಶ ಸಮುದ್ರದ ಹಾಗೆ, ಸಮುದ್ರ ಆಕಾಶದ ಹಾಗೆ ಕಾಣುತ್ತಿತ್ತಂತೆ.

ಇಲ್ಲಿ ಹುಡುಕಿದರೂ ಒಂದು ಮೋಡ ಇಲ್ಲ. ಬಾಟಲಿಯಲ್ಲಿ ನೀರೂ ಮುಗಿಯಿತು. ಬನ್ನಿ, ಇಳಿಯೋಣ.