ಯೋಚಿಸುವಷ್ಟರಲ್ಲಿ ಗುಂಡಿ ಮಾಯ

ಚೌಕಾಬಾರ ಆಡುವಾಗ ನೀವು ಎಷ್ಟು ಹೊತ್ತು ತಲೆ ಕೆರೆದುಕೊಂಡರೂ ಕಾಯಿಗಳು ಇದ್ದಲ್ಲೇ ಇರುತ್ತವೆ. ಎದುರಿಗೆ ಕೂತವರು ಬೈಯಬಹುದು, ಅಷ್ಟೇ. ಚೆಸ್‌ನಲ್ಲಿ ಗಡಿಯಾರ ಓಡುತ್ತದೆ ನಿಜ, ಆದರೆ ಕುದುರೆ ತಾನಾಗಿ ಎದ್ದು ಹೋಗುವುದಿಲ್ಲ.

1990ರಲ್ಲಿ ಕೃತಕ ಬುದ್ಧಿಮತ್ತೆಯ (ಎಐ) ಸಂಶೋಧಕರಾದ ಮಾರ್ಥಾ ಪೊಲಾಕ್ ಮತ್ತು ಮಾರ್ಕ್ ರಿಂಗೆಟ್ ಯಾರಿಗೂ ಕಾಯದ ಜಗತ್ತೊಂದನ್ನು ಕಂಪ್ಯೂಟರಿನೊಳಗೆ ಕಟ್ಟಿದರು. ಹೆಸರು ಟೈಲ್‌ವರ್ಲ್ಡ್. ಚೌಕಗಳ ಅಂಗಳ, ಅದರಲ್ಲಿ ಬಿಲ್ಲೆಗಳು, ಗುಂಡಿಗಳು, ಅಡೆತಡೆಗಳು. ಏಜೆಂಟ್, ಅಂದರೆ ತಾನೇ ಯೋಚಿಸಿ ಹೆಜ್ಜೆ ಇಡುವ ಪ್ರೋಗ್ರಾಂ, ಬಿಲ್ಲೆ ತಳ್ಳಿ ಗುಂಡಿ ಮುಚ್ಚಿದರೆ ಅಂಕ. ಕಿತಾಪತಿ ಏನಪ್ಪಾ ಅಂದರೆ, ಗುಂಡಿಗಳು ಸುಮ್ನೆ ಇರುವುದಿಲ್ಲ. ಒಂದು ಕಡೆ ಹುಟ್ಟುತ್ತವೆ, ಇನ್ನೊಂದು ಕಡೆ ಮಾಯವಾಗುತ್ತವೆ. ಏಜೆಂಟ್ ಯೋಚಿಸುತ್ತಾ ನಿಂತಾಗಲೂ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

ಮರುವರ್ಷ ಡೇವಿಡ್ ಕಿನ್ನಿ ಮತ್ತು ಮೈಕೆಲ್ ಜಾರ್ಜೆಫ್ ಎಂಬ ಇನ್ನಿಬ್ಬರು ಸಂಶೋಧಕರು ಇದೇ ಆಟವನ್ನು ಸರಳ ಮಾಡಿ ಎರಡು ಸ್ವಭಾವಗಳನ್ನು ಅಳೆದರು. ಒಂದು ಏಜೆಂಟ್ ಧೈರ್ಯದ್ದು. ಹೊರಟರೆ ಹೊರಟಿತು, ಯೋಜನೆ ಮುಗಿಯುವವರೆಗೂ ಹಿಂದೆಮುಂದೆ ನೋಡುವುದಿಲ್ಲ. ಇನ್ನೊಂದು ಅಳುಕಿನದು. ಹೆಜ್ಜೆಗೊಮ್ಮೆ ನಿಂತು ‘ಇದು ಇನ್ನೂ ಸರಿಯಾ?’ ಅಂತ ಕೇಳಿಕೊಳ್ಳುತ್ತದೆ. ಜಗತ್ತು ನಿಧಾನವಾಗಿ ಬದಲಾಗುವಾಗ ಧೈರ್ಯದ್ದೇ ಮುಂದೆ. ಅಳುಕಿನದು ಯೋಚನೆಯಲ್ಲೇ ಹೊತ್ತು ಕಳೆಯುತ್ತದೆ. ಬದಲಾವಣೆ ಜೋರಾದಾಗ ಲೆಕ್ಕ ತಿರುಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯ ದಾರಿ. ಧೈರ್ಯದ ಏಜೆಂಟ್‌ಗೆ ಒಂದಿಷ್ಟು ಕಣ್ಣು ಕೊಟ್ಟರು: ಹಿಡಿದ ಗುರಿಯೇ ಮಾಯವಾದರೆ, ಇಲ್ಲವೇ ಹತ್ತಿರದಲ್ಲೇ ಹೊಸ ಗುಂಡಿ ಬಂದರೆ, ಆಗ ಮಾತ್ರ ಮತ್ತೆ ಯೋಚಿಸು. ಅದರ ಆಟ ಸುಧಾರಿಸಿತು. ನಮ್ಮ ಮನೆಗಳಲ್ಲಿ ಅಡುಗೆ ಮಾಡುವವರು ಇದನ್ನೇ ಮಾಡುವುದು ಅಲ್ವಾ? ಒಗ್ಗರಣೆ ಸೀದ ವಾಸನೆ ಬಂದಾಗ ತಿರುಗುತ್ತಾರೆ, ನಿಮಿಷಕ್ಕೊಮ್ಮೆ ಅಲ್ಲ.

ಈಗಿನ ಎಐ ಏಜೆಂಟ್‌ಗಳ ಡೆಮೊ ನೋಡಿದಾಗ ನನ್ನ ತಕರಾರು ಇಲ್ಲೇ ಶುರು. ಟಿಕೆಟ್ ಬುಕ್ ಮಾಡಿತು, ಲೆಕ್ಕದ ಹಾಳೆ ತುಂಬಿತು, ಚಪ್ಪಾಳೆ. ಆದರೆ ಆ ಡೆಮೊದಲ್ಲಿ ಪುಟ ಅಲುಗಾಡುವುದಿಲ್ಲ, ಏಜೆಂಟ್ ಅರ್ಧ ನಿಮಿಷ ಯೋಚಿಸಿದರೂ ಸೀಟು ಖಾಲಿಯೇ ಇರುತ್ತದೆ. ಅದು ಚೌಕಾಬಾರ. ಯೋಜನೆ ಎಷ್ಟು ಚೆಂದ ಅನ್ನುವುದಕ್ಕಿಂತ, ಅದನ್ನು ಯಾವಾಗ ಕೈಬಿಡುತ್ತದೆ ಅನ್ನುವುದನ್ನು ನಾನು ನೋಡಬೇಕು. ಹಣ ಕಟ್ಟುವ ಒಂದು ಕ್ಷಣ ಮೊದಲು ಆ ಸೀಟನ್ನು ಬೇರೆಯವರಿಗೆ ಕೊಟ್ಟುಬಿಡಿ. ಆಮೇಲೆ ಏನು ಮಾಡುತ್ತದೋ ಅದನ್ನು ಎಡಿಟ್ ಮಾಡದೆ ತೋರಿಸಿ.