ಕಡಲೂರಿನ ಸಿರಿವಂತರು

ಕೇಳುಗರಿಗೆಲ್ಲ ನಮಸ್ಕಾರ.

ಸಮುದ್ರದ ಪಕ್ಕದಲ್ಲೊಂದು ಊರು. ಅಲ್ಲಿ ಎರಡು ಮೂರು ಶ್ರೀಮಂತ ಮನೆತನ. ದೊಡ್ಡ ಹೋಟೆಲ್ಲು ಒಬ್ಬರದು, ಹಳೇ ಜಮೀನು ಇನ್ನೊಬ್ಬರದು. ಈ ಮನೆ ಹುಡುಗನಿಗೆ ಆ ಮನೆ ಹುಡುಗಿ ಮೇಲೆ ಮನಸ್ಸು. ಹಿರಿಯರ ನಡುವೆ ಮುಗಿಯದ ಹಗೆ. ಸತ್ತನೆಂದು ಎಲ್ಲರೂ ಅತ್ತು ಮುಗಿಸಿದವನು ಒಂದು ರಾತ್ರಿ ಬಂದು ಬಾಗಿಲು ತಟ್ಟುತ್ತಾನೆ. ಅಮೆರಿಕದ ಸೋಪ್ ಆಪೆರಾ, ಅಂದರೆ ದಿನವೂ ಸಾಗುವ ಧಾರಾವಾಹಿ, ನೋಡಿದವರಿಗೆ ಈ ಊರು ಚೆನ್ನಾಗಿ ಗೊತ್ತು.

ಇಂಥದ್ದೇ ಒಂದು ಊರು 2010ರ ಸೆಪ್ಟೆಂಬರ್‌ನಲ್ಲಿ ಟೀವಿಯ ಹಂಗಿಲ್ಲದೆ ನೇರವಾಗಿ ಇಂಟರ್‌ನೆಟ್‌ನಲ್ಲಿ ಶುರುವಾಯಿತು. ಧಾರಾವಾಹಿಯ ಹೆಸರು 'ದಿ ಬೇ'. ಊರಿನ ಹೆಸರು ಬೇ ಸಿಟಿ. ಅದು ಕಲ್ಪನೆಯ ಊರು. ಇದನ್ನು ಹುಟ್ಟುಹಾಕಿದವರು ಗ್ರೆಗೊರಿ ಮಾರ್ಟಿನ್. ಇವತ್ತು ನಾನು ಅದರ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. ಆದರೆ ಅಲ್ಲಿಗೆ ಹೋಗುವ ದಾರಿ ರೇಡಿಯೊದಿಂದಲೇ ಹೊರಡುತ್ತದೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗೋಣ.

ದಿನವೂ ಸಾಗುವ ಈ ಕಥೆಗಳು ಹುಟ್ಟಿದ್ದೇ ರೇಡಿಯೊದಲ್ಲಿ. 1930ರಲ್ಲಿ ಷಿಕಾಗೊ ನಗರದ ಒಂದು ಕೇಂದ್ರದಿಂದ ಅರ್ನಾ ಫಿಲಿಪ್ಸ್ ಎಂಬ ಮಹಿಳೆ ಬರೆದ ಧಾರಾವಾಹಿ ಪ್ರಸಾರವಾಯಿತು. ಹಗಲು ಹೊತ್ತಿನಲ್ಲಿ ಮನೆಗೆಲಸ ಮಾಡುತ್ತಾ ರೇಡಿಯೊ ಕೇಳುವ ಹೆಂಗಸರಿಗಾಗಿ ಬರೆದ ಕಥೆ ಅದು. ಸಾಬೂನು ಕಂಪನಿಗಳು ಇಂಥ ಕಥೆಗಳಿಗೆ ದುಡ್ಡು ಹಾಕಿದವು, ಅದರಿಂದಲೇ ಸೋಪ್ ಎಂಬ ಹೆಸರು ಅಂಟಿಕೊಂಡಿತು. ಅರ್ನಾ ಫಿಲಿಪ್ಸ್ 1937ರಲ್ಲಿ 'ಗೈಡಿಂಗ್ ಲೈಟ್' ಶುರುಮಾಡಿದರು. ಅದು ರೇಡಿಯೊದಿಂದ ಟೀವಿಗೆ ಹೋಯಿತು. ಹದಿನೈದು ನಿಮಿಷ ಇದ್ದದ್ದು ಅರ್ಧ ಗಂಟೆಯಾಯಿತು, ಆಮೇಲೆ ಒಂದು ಗಂಟೆಯಾಯಿತು. ನಿಂತದ್ದು 2009ರ ಸೆಪ್ಟೆಂಬರ್‌ನಲ್ಲಿ. ಎಪ್ಪತ್ತೆರಡು ವರ್ಷ! ಅಜ್ಜಿ ಕೇಳಲು ಶುರುಮಾಡಿದ ಕಥೆಯನ್ನು ಮೊಮ್ಮಗಳು ನೋಡಿ ಮುಗಿಸಿದಳು.

ಇದನ್ನು ಹೇಳುವುದಕ್ಕೆ ಕಾರಣ ಇದೆ. ಧಾರಾವಾಹಿ ಅಂದ ಕೂಡಲೇ ನಾವು ಬಂಗಲೆ, ಒಡವೆ, ಪಿತೂರಿ ಅಂತ ಯೋಚಿಸುತ್ತೇವೆ. ಅದೆಲ್ಲ ಮೇಲಿನ ಅಲಂಕಾರ. ಅದನ್ನು ನಿಜವಾಗಿ ಎತ್ತಿ ಹಿಡಿದಿರುವುದು ಪರಿಚಯದ ಮುಖ, ಪರಿಚಯದ ದನಿ. ವರ್ಷಗಟ್ಟಲೆ ನಮ್ಮ ಜೊತೆಗೇ ವಯಸ್ಸಾಗುವ ಒಬ್ಬ ನಟ, ಒಬ್ಬ ನಟಿ. ಇಂಟರ್‌ನೆಟ್‌ಗೆ ಹೋದ ಧಾರಾವಾಹಿಗಳಲ್ಲಿ ಯಾವುದು ಉಳಿಯಿತು, ಯಾವುದು ಬಿತ್ತು ಅಂತ ನೋಡಿದರೆ ಈ ಮಾತು ನನಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಕಡಲೂರಿನ ಸಿರಿವಂತರ ಕಥೆಗಳಲ್ಲಿ ದೊಡ್ಡ ಹೆಸರು 'ಸಾಂಟಾ ಬಾರ್ಬರಾ'. ಸಾಂಟಾ ಬಾರ್ಬರಾ ನಿಜವಾದ ಊರು. ಲಾಸ್ ಏಂಜಲೀಸ್‌ನಿಂದ ವಾಯವ್ಯಕ್ಕೆ ಸುಮಾರು 150 ಕಿಲೋಮೀಟರ್. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಶಾಂತಸಾಗರ, ನಡುವೆ ಕೆಂಪು ಹೆಂಚಿನ ಮನೆಗಳು. ಧಾರಾವಾಹಿಯ ಬಹುಪಾಲು ಮಾತ್ರ ಬರ್ಬ್ಯಾಂಕ್‌ನ ಸ್ಟುಡಿಯೊ ಒಳಗೆ ಚಿತ್ರೀಕರಣವಾಗುತ್ತಿತ್ತು. 1984ರ ಜುಲೈನಲ್ಲಿ ಶುರುವಾಗಿ 1993ರ ಜನವರಿಯಲ್ಲಿ ಮುಗಿಯಿತು. ಒಟ್ಟು 2,137 ಕಂತು. ಬರೆದವರು ಬ್ರಿಜೆಟ್ ಮತ್ತು ಜೆರೋಮ್ ಡಾಬ್ಸನ್ ದಂಪತಿ. ಅಲ್ಲಿನ ಮುಖ್ಯ ಮನೆತನ ಕ್ಯಾಪ್‌ವೆಲ್. ಅವರ ಎದುರು ನಿಂತವರು ಲಾಕ್‌ರಿಜ್ ಮನೆತನದವರು.

ಆ ಧಾರಾವಾಹಿಯ ಒಂದು ದೃಶ್ಯ ಹೇಳಲೇಬೇಕು. 1986ರ ಬೇಸಿಗೆಯ ಕಂತು. ಮೇರಿ ಎಂಬ ಹುಡುಗಿ. ಮೊದಲು ಕ್ರೈಸ್ತ ಸನ್ಯಾಸಿನಿಯಾಗಿದ್ದವಳು, ತುಂಬಾ ಒಳ್ಳೆಯವಳು. ಕ್ಯಾಪ್‌ವೆಲ್ ಮನೆಯ ಮಗ ಮೇಸನ್ ಅವಳನ್ನು ಪ್ರೀತಿಸುತ್ತಾನೆ. ಅವಳು ಗರ್ಭಿಣಿ. ಕ್ಯಾಪ್‌ವೆಲ್ ಹೋಟೆಲ್‌ನ ತಾರಸಿಯ ಮೇಲೆ ಜಗಳ ನಡೆಯುತ್ತಿದೆ. ಜೋರು ಗಾಳಿ. ಹಿಂದೆ ಹೋಟೆಲ್‌ನ ಹೆಸರು ಬರೆದ ದೊಡ್ಡ ದೊಡ್ಡ ದೀಪದ ಅಕ್ಷರಗಳು. ಅದರಲ್ಲಿ ಮೊದಲ ಅಕ್ಷರ, 'ಸಿ', ಕಳಚಿ ಮೇರಿ ಮೇಲೆ ಬೀಳುತ್ತದೆ. ಅವಳು ಸಾಯುತ್ತಾಳೆ. ಆ ಮನೆತನದ ಹೆಸರೇ ಅವಳನ್ನು ಕೊಂದಿತು, ನೋಡಿ. ನೋಡುಗರಿಗೆ ಸಿಟ್ಟು ಬಂತು, ಮೇರಿಯನ್ನು ಯಾಕೆ ಕೊಂದಿರಿ ಅಂತ ವಿರೋಧಿಸಿದರು. ಒಂದು ಪಾತ್ರ ಸತ್ತದ್ದಕ್ಕೆ ಜನ ಅಷ್ಟು ನೊಂದುಕೊಂಡರು ಅಂದರೆ ಆ ನಟಿಯನ್ನು ಅವರು ಮನೆಯವಳು ಅಂತಲೇ ಅಂದುಕೊಂಡಿದ್ದರು ಅಲ್ವಾ?

ಈ ಕಥೆಗಳಿಗೆ ಶ್ರೀಮಂತರೇ ಯಾಕೆ ಬೇಕು? ಬರೆಯುವವರ ಕಷ್ಟ ಯೋಚಿಸಿದರೆ ಗೊತ್ತಾಗುತ್ತದೆ. ವಾರಕ್ಕೆ ಐದು ಕಂತು, ವರ್ಷಕ್ಕೆ ಸುಮಾರು ಇನ್ನೂರೈವತ್ತು. ಪಾತ್ರಗಳು ಹಗಲು ಹೊತ್ತಿನಲ್ಲೂ ಮನೆಯಲ್ಲಿ ಕೂತು ಮಾತಾಡಬೇಕು. ಬೆಳಗ್ಗೆ ಒಂಬತ್ತಕ್ಕೆ ಬಸ್ ಹಿಡಿಯುವ ಗುಮಾಸ್ತನಿಗೆ ಅದು ಆಗದ ಮಾತು. ದುಡ್ಡಿದ್ದರೆ ಉಯಿಲು ಬರುತ್ತದೆ. ಉಯಿಲು ಬಂದರೆ ವಾರಸುದಾರ ಬರುತ್ತಾನೆ. ಅವನ ಹಿಂದೆಯೇ ನಾನೇ ನಿಜವಾದ ಮಗ ಅಂತ ಇನ್ನೊಬ್ಬ ಬರುತ್ತಾನೆ. ಕಥೆಗೆ ಆರು ತಿಂಗಳ ಊಟ ಸಿಕ್ಕಿತು.

ಇನ್ನು ಸಮುದ್ರ. ಸಮುದ್ರ ಬರೀ ಚೆಂದಕ್ಕೆ ಅಂದುಕೊಳ್ಳಬೇಡಿ. ದೋಣಿ ಮುಳುಗಿತು, ಕಾರು ಬಂಡೆಯಿಂದ ನೀರಿಗೆ ಉರುಳಿತು, ಹೆಣ ಸಿಗಲಿಲ್ಲ. ಹೆಣ ಸಿಗದಿದ್ದರೆ ಆ ಪಾತ್ರ ಎಂದಾದರೂ ತಿರುಗಿ ಬರಬಹುದು. ನಟನಿಗೆ ಸಿನಿಮಾದಲ್ಲಿ ಕೆಲಸ ಸಿಕ್ಕಿ ಬಿಟ್ಟುಹೋದರೂ ಬಾಗಿಲು ತೆರೆದೇ ಇರುತ್ತದೆ. 1999ರಲ್ಲಿ ಬಂದ 'ಪ್ಯಾಷನ್ಸ್' ಕೂಡ ಇಂಥ ಊರಿನದೇ. ಹಾರ್ಮನಿ ಎಂಬ ಕಡಲೂರು, ಕ್ರೇನ್ ಎಂಬ ಸಿರಿವಂತ ಮನೆತನ. ಆ ಸೂತ್ರವನ್ನು ಯಾರೂ ಸುಲಭವಾಗಿ ಬಿಡಲಿಲ್ಲ.

ನಮ್ಮವರಿಗೂ ಈ ಕಥೆಗಳ ಪರಿಚಯ ಇದೆ. 1991ರ ನಂತರ ಸ್ಟಾರ್ ಟೀವಿ ಭಾರತಕ್ಕೆ ಬಂದಾಗ ಸ್ಟಾರ್ ಪ್ಲಸ್‌ನಲ್ಲಿ 'ಸಾಂಟಾ ಬಾರ್ಬರಾ', 'ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್' ಬರುತ್ತಿದ್ದವು. ಆಗ ಬೆಂಗಳೂರಿನ ಬಡಾವಣೆಗಳಲ್ಲಿ ಕೇಬಲ್ ತಂತಿ ಮರದಿಂದ ಮರಕ್ಕೆ, ತಾರಸಿಯಿಂದ ತಾರಸಿಗೆ ಹೋಗುತ್ತಿತ್ತು. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ಯಾರು ಯಾರಿಗೆ ಮೋಸ ಮಾಡಿದರು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತಿತ್ತು. ರಷ್ಯಾದಲ್ಲಂತೂ 'ಸಾಂಟಾ ಬಾರ್ಬರಾ' ಶುರುವಾದದ್ದು 1992ರ ಜನವರಿಯಲ್ಲಿ, ಸೋವಿಯತ್ ಒಕ್ಕೂಟ ಒಡೆದು ಕೆಲವೇ ದಿನಗಳಾಗಿದ್ದಾಗ. ಹೊರಗೆ ಬೆಲೆಗಳು ಏರುತ್ತಿದ್ದವು, ಒಳಗೆ ಕ್ಯಾಪ್‌ವೆಲ್ ಮನೆಯ ಈಜುಕೊಳ. ಹತ್ತು ವರ್ಷ ಅವರು ಅದನ್ನು ಬಿಡದೆ ನೋಡಿದರು.

ಈಗ ಬೇ ಸಿಟಿಗೆ ಬರೋಣ.

ಎರಡು ಸಾವಿರದ ಹತ್ತರ ಆಸುಪಾಸು ಅಮೆರಿಕದ ಸೋಪ್‌ಗಳಿಗೆ ಕೆಟ್ಟ ಕಾಲ. ಹಗಲು ಮನೆಯಲ್ಲಿ ಕೂತು ನೋಡುವವರು ಕಡಿಮೆಯಾಗಿದ್ದರು. ಹೆಂಗಸರು ಕೆಲಸಕ್ಕೆ ಹೋಗುತ್ತಿದ್ದರು, ನೋಡಲು ನೂರಾರು ಚಾನೆಲ್ ಇದ್ದವು. ನಟರು, ಬರಹಗಾರರು, ಸೆಟ್ಟು ಅಂತ ಧಾರಾವಾಹಿಗೆ ಖರ್ಚು ಜಾಸ್ತಿ. ನಾಲ್ಕು ಜನರನ್ನು ಮೇಜಿನ ಸುತ್ತ ಕೂರಿಸಿ ಹರಟೆ ಹೊಡೆಸಿದರೆ ಖರ್ಚು ಕಡಿಮೆ. 'ಗೈಡಿಂಗ್ ಲೈಟ್' ಜಾಗಕ್ಕೆ ಬಹುಮಾನದ ಆಟ ಬಂತು. 1956ರಿಂದ ಬರುತ್ತಿದ್ದ 'ಆಸ್ ದಿ ವರ್ಲ್ಡ್ ಟರ್ನ್ಸ್' 2010ರ ಸೆಪ್ಟೆಂಬರ್ 17ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ಹರಟೆ ಕಾರ್ಯಕ್ರಮ. 'ಆಲ್ ಮೈ ಚಿಲ್ಡ್ರನ್' ಮರುವರ್ಷ ಹೋಯಿತು, ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು. ಇಪ್ಪತ್ತು ಮೂವತ್ತು ವರ್ಷ ಒಂದೇ ಪಾತ್ರ ಮಾಡಿದ ನಟರು ಒಂದೇ ದಿನದಲ್ಲಿ ಮನೆ ಕಳೆದುಕೊಂಡಂತಾದರು. ನೋಡುಗರಿಗೂ ಹಾಗೇ ಆಯಿತು. ಇದನ್ನು ನಾನು ಸಣ್ಣ ನಷ್ಟ ಅಂತ ಒಪ್ಪುವುದಿಲ್ಲ.

'ದಿ ಬೇ' ಆ ಸೆಪ್ಟೆಂಬರ್ ತಿಂಗಳಲ್ಲೇ ಬಂತು. ಚಾನೆಲ್ ಇಲ್ಲ, ದೊಡ್ಡ ಬಂಡವಾಳ ಇಲ್ಲ. ಶುರುವಿನಲ್ಲಿ ಯೂಟ್ಯೂಬ್‌ನಂಥ ಕಡೆ ಚಿಕ್ಕ ಚಿಕ್ಕ ಕಂತುಗಳು. ಮುಂದೆ ಅಮೆಜಾನ್‌ನಲ್ಲೂ ಸಿಗತೊಡಗಿತು. ಆದರೆ ಅವರ ಹತ್ತಿರ ಒಂದು ಆಸ್ತಿ ಇತ್ತು. ಜನ ವರ್ಷಗಟ್ಟಲೆ ನೋಡಿ ಪ್ರೀತಿಸಿದ ಮುಖಗಳನ್ನು ಕರೆತಂದರು. ಬೇ ಸಿಟಿಯ ಸಿರಿವಂತೆ ಸಾರಾ ಗ್ಯಾರೆಟ್ ಪಾತ್ರಕ್ಕೆ ಮೇರಿ ಬೆತ್ ಇವಾನ್ಸ್. 'ಡೇಸ್ ಆಫ್ ಅವರ್ ಲೈವ್ಸ್' ನೋಡಿದವರಿಗೆ ಆಕೆ 1986ರಿಂದಲೇ ಕೇಯ್ಲಾ. ಮಗ ಪೀಟ್ ಆಗಿ ಕ್ರಿಸ್ಟೋಸ್ ಆಂಡ್ರ್ಯೂಸ್, ಹೊಸ ಹುಡುಗ. 'ಜನರಲ್ ಹಾಸ್ಪಿಟಲ್' ಎಂಬ ಇನ್ನೊಂದು ಸೋಪ್ ಖ್ಯಾತಿಯ ಟ್ರಿಸ್ಟನ್ ರಾಜರ್ಸ್ ಬಂದರು. ಬೇ ಸಿಟಿಯ ಜ್ಯಾಕ್ ಮ್ಯಾಡಿಸನ್ ಪಾತ್ರಕ್ಕೆ ಬಂದವರು ನಿಕೊಲಸ್ ಕಾಸ್ಟರ್.

ಕಾಸ್ಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 1984ರಲ್ಲಿ 'ಸಾಂಟಾ ಬಾರ್ಬರಾ'ದ ಲಯನೆಲ್ ಲಾಕ್‌ರಿಜ್ ಅವರೇ. ಕ್ಯಾಪ್‌ವೆಲ್‌ಗಳ ಎದುರು ಸೋತರೂ ತಲೆ ತಗ್ಗಿಸದ, ಕಣ್ಣಲ್ಲೇ ನಗುವ ಮನುಷ್ಯ. ಅವರಿದ್ದ ಕಡಲೂರು 1993ರಲ್ಲಿ ಮುಚ್ಚಿಹೋಯಿತು. ಸುಮಾರು ಎರಡು ದಶಕದ ಮೇಲೆ ಇನ್ನೊಂದು ಕಡಲೂರಿನಲ್ಲಿ, ಬಿಳಿ ಕೂದಲಿನಲ್ಲಿ, ಅದೇ ಗತ್ತಿನ ದನಿಯಲ್ಲಿ ಕಾಣಿಸಿಕೊಂಡರು. ಸೆಟ್ಟು ಅಗ್ಗದ್ದು, ಪರದೆ ಚಿಕ್ಕದು. ಆದರೆ ಅವರು ಒಂದು ಮಾತು ಆಡಿ ನಿಲ್ಲಿಸಿ, ಎದುರಿನವರನ್ನು ಅರೆಕ್ಷಣ ಸುಮ್ನೆ ನೋಡಿದರೆ ಸಾಕು, ಹಳೆಯ ನೋಡುಗನಿಗೆ ಬೇರೆ ಏನೂ ಬೇಕಾಗುತ್ತಿರಲಿಲ್ಲ. ಈ ಪಾತ್ರಕ್ಕೆ ಅವರಿಗೆ ಡೇಟೈಮ್ ಎಮಿ, ಅಂದರೆ ಹಗಲು ಹೊತ್ತಿನ ಕಾರ್ಯಕ್ರಮಗಳಿಗೆ ಅಮೆರಿಕದಲ್ಲಿ ಕೊಡುವ ಪ್ರಶಸ್ತಿ, ಬಂದಾಗ ವಯಸ್ಸು ಎಂಬತ್ತು ದಾಟಿತ್ತು. ಅವರು 2023ರ ಜೂನ್‌ನಲ್ಲಿ ತೀರಿಕೊಂಡರು.

ಮೇರಿ ಬೆತ್ ಇವಾನ್ಸ್‌ಗೂ 2016ರಲ್ಲಿ ಇದೇ ಧಾರಾವಾಹಿಯಿಂದ ಎಮಿ ಬಂತು. 2015ರಿಂದ ಈಚೆಗೆ ಧಾರಾವಾಹಿಗೇ ಹಲವು ಸಲ ಬಂದಿದೆ. ದೊಡ್ಡ ಚಾನೆಲ್‌ಗಳು ಬೇಡ ಅಂದ ಕಲೆಯನ್ನು ಒಂದು ಚಿಕ್ಕ ತಂಡ ಕೈಯಲ್ಲಿ ಹಿಡಿದು ನಡೆಸಿತು. ನನಗೆ ಅವರ ಮೇಲೆ ಗೌರವ ಇದೆ. ಕಥೆಯಲ್ಲಿ ಅತಿಯಾದ ತಿರುವುಗಳಿವೆ ನಿಜ, ಕೆಲವು ಕಡೆ ಬೆಳಕು, ಧ್ವನಿ ಸರಿ ಇಲ್ಲ. ಅದನ್ನೆಲ್ಲ ಮೀರಿ ನೋಡಿಸಿಕೊಳ್ಳುತ್ತದೆ.

ಎಲ್ಲ ಧಾರಾವಾಹಿಗಳಿಗೂ ಇಂಟರ್‌ನೆಟ್ ಒಗ್ಗಲಿಲ್ಲ. 'ಆಲ್ ಮೈ ಚಿಲ್ಡ್ರನ್', ಅದರ ಹಾಗೇ ಟೀವಿಯಿಂದ ಹೋಗಿದ್ದ 'ಒನ್ ಲೈಫ್ ಟು ಲಿವ್' ಎರಡನ್ನೂ ಒಂದು ಕಂಪನಿ 2013ರ ಏಪ್ರಿಲ್ 29ರಂದು ಇಂಟರ್‌ನೆಟ್‌ನಲ್ಲಿ ಮತ್ತೆ ಶುರುಮಾಡಿತು. ಹಳೆಯ ನಟರು ಇದ್ದರು, ದುಡ್ಡೂ ಸಾಕಷ್ಟು ಇತ್ತು. ಆದರೆ ಕೆಲವೇ ವಾರಗಳಲ್ಲಿ ಕಂತುಗಳನ್ನು ವಾರಕ್ಕೆ ಎರಡಕ್ಕೆ ಇಳಿಸಬೇಕಾಯಿತು. ಜನ ಅಂದಿನದು ಅಂದೇ ನೋಡುತ್ತಿರಲಿಲ್ಲ, ಕೂಡಿಟ್ಟು ಒಟ್ಟಿಗೆ ನೋಡುತ್ತಿದ್ದರು. ಅದೇ ವರ್ಷ ಎರಡೂ ನಿಂತವು. ದಿನಕ್ಕೊಂದು ಕಂತಿನ ಲೆಕ್ಕ ಗಡಿಯಾರದ ಜೊತೆ ಬೆಳೆದದ್ದು. ಇಂಟರ್‌ನೆಟ್‌ಗೆ ಆ ಗಡಿಯಾರ ಇಲ್ಲ. 'ದಿ ಬೇ' ಮೊದಲಿನಿಂದಲೂ ಸ್ವಲ್ಪ ಸ್ವಲ್ಪವೇ ಮಾಡಿಕೊಂಡು ಬಂತು. ಕೈಲಾದಷ್ಟು ಕಂತು, ಸೀಸನ್ ಲೆಕ್ಕದಲ್ಲಿ. ಬದುಕಿಕೊಂಡದ್ದು ಅದರಿಂದ ಅಂತ ನನ್ನ ಅನಿಸಿಕೆ.

ಆಮೇಲೆ ದೊಡ್ಡವರೂ ಇದೇ ದಾರಿ ಹಿಡಿದರು. 1965ರಿಂದ ಟೀವಿಯಲ್ಲಿದ್ದ 'ಡೇಸ್ ಆಫ್ ಅವರ್ ಲೈವ್ಸ್' 2022ರ ಸೆಪ್ಟೆಂಬರ್ 12ರಿಂದ ಪೀಕಾಕ್ ಎಂಬ ಆನ್‌ಲೈನ್ ವೇದಿಕೆಗೆ ಪೂರ್ತಿ ಹೋಯಿತು. ಇಲ್ಲಿ ನನಗೆ ಒಂದು ನೋವಿದೆ. ಐವತ್ತು ವರ್ಷ ರಿಮೋಟ್ ಒತ್ತಿ ನೋಡಿದ ಅಜ್ಜಿಗೆ ಈಗ ತಿಂಗಳ ಚಂದಾ ಬೇಕು, ಪಾಸ್‌ವರ್ಡ್ ಬೇಕು, ಒಳ್ಳೆ ಇಂಟರ್‌ನೆಟ್ ಬೇಕು. ಕಥೆಗೆ ಹೆಚ್ಚು ನಿಷ್ಠೆ ತೋರಿಸಿದವರೇ ಹೊರಗೆ ಉಳಿದರು. ಮನೆಯ ಮಕ್ಕಳು, ಪಕ್ಕದ ಮನೆಯವರು ಕೂತು ಜೋಡಿಸಿಕೊಟ್ಟ ಕಡೆ ಮಾತ್ರ ಅದು ಮುಂದುವರಿಯಿತು.

ನಮ್ಮಲ್ಲೂ ತೊಂಬತ್ತರ ದಶಕದಲ್ಲಿ ಕೇಬಲ್‌ನಲ್ಲಿ 'ಸಾಂಟಾ ಬಾರ್ಬರಾ' ನೋಡಿದವರು ಈಗ ಅರವತ್ತು, ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಒಂದು ಕೆಲಸ ಮಾಡಿ. 'ದಿ ಬೇ'ಯಲ್ಲಿ ನಿಕೊಲಸ್ ಕಾಸ್ಟರ್ ಬರುವ ಒಂದು ಕಂತು ಹುಡುಕಿ, ಹೆಸರು ಹೇಳದೆ ಹಾಕಿ ತೋರಿಸಿ. ಈತ ಯಾರು ಗೊತ್ತಾ ಅಂತ ಕೇಳಿ. ಅವರು ಏನು ಹೇಳುತ್ತಾರೆ ಅಂತ ಈ ಕೇಂದ್ರಕ್ಕೆ ಒಂದು ಕಾಗದ ಬರೆದು ತಿಳಿಸಿದರೆ ನನಗೆ ಬಹಳ ಸಂತೋಷ.

ನಮಸ್ಕಾರ.